ಬೆಲ್ಲದ ತಂತಿ

ಮಳವಳ್ಳಿಯಿಂದ ಬಂದ ಇನಾಯತ್
ಗಾಡಿ ನಿಲ್ಲಿಸಿ ಮೊದಲು ಕೇಳಿದ್ದು ನೆರಳಲ್ಲ, ನೆಲ.
"ಬೇಸ್ಗೇಲೂ ಒಣಗ್ದೇ ಇರೋ ಜಾಗ ಎಲ್ಲೈತೆ ಅಕ್ಕ?"
ಬಚ್ಚಲ ನೀರು ಹೋಗುವ ಬಾಳೆಬುಡ ತೋರಿಸಿದೆ.
ಮೂರು ಸಲಾಕೆ ಹೊಡೆದ,
ಸುತ್ತ ಇದ್ದಿಲು, ಕಲ್ಲುಪ್ಪು, ಮೇಲೊಂದು ಕೊಡ ನೀರು.
"ಬೇಲಿ ಬಲ ತಂತೀಲಿಲ್ಲ, ಈ ತ್ಯಾವದಲ್ಲೈತೆ."
ಮಾಸು ಹೂತಂತೆ ಹೂತು ಮಣ್ಣು ತುಳಿದೆವು.

ಕಂಬದಿಂದ ನೇರ ಕರೆಂಟು ಎಳೆದವರ ಕತೆ ಗೊತ್ತು ನನಗೆ.
ಹಂದಿಗೆಂದು ಕಟ್ಟಿದ್ದು.
ಬೆಳಗಿನ ಜಾವ ಗದ್ದೆಗೆ ನೀರು ತಿರುಗಿಸಲು ಹೋದ ತಮ್ಮ—
ಅದು ಅಲ್ಲಿಗೇ ಇರಲಿ.
ಇದು ಹಾಗಲ್ಲ. ಬಿಸಿಲು ಕುಡಿಯುವ ಒಂದು ಹಲಗೆ,
ಊಟದ ಡಬ್ಬಿಯಷ್ಟು ಒಂದು ಮಿಷಿನ್ನು,
ಸೆಕೆಂಡಿಗೊಂದು ಟಿಕ್.
ಕೊಲ್ಲುವುದಿಲ್ಲ. ಮರೆಯಲು ಬಿಡುವುದಿಲ್ಲ, ಅಷ್ಟೆ.

ಹನ್ನೊಂದು ಬಂಡೂರು ಕುರಿ ನಮ್ಮವು.
ಮೋಟುಕಾಲು, ಪೀಪಾಯಿ ಮೈ,
ಹಿಂದಿನಿಂದ ಕಂಡರೆ ಕವುಚಿಟ್ಟ ಲಾಳ.
ಹನ್ನೆರಡಿದ್ದವು.
ಕಬ್ಬಿನೊಳಗೆ ಮರಿ ಹಾಕಿಕೊಂಡಿದ್ದ ಚಿರತೆ
ಆಷಾಢದ ಒಂದು ರಾತ್ರಿ ನಮ್ಮ ಲೆಕ್ಕ ತಿದ್ದಿತು.

ನಾಲ್ಕು ಎಳೆ ತಂತಿ. ಕೆಳಗಿನದು ಮೊಣಕಾಲಿಗೂ ಕೆಳಗೆ,
ಮೇಲಿನದು ನನ್ನ ಎದೆಮಟ್ಟ.
ಗೂಟಕ್ಕೆ ತಾಗಿದರೆ ಸೋರುತ್ತದಂತೆ,
ಗರಿಕೆ ಎದ್ದು ಮುಟ್ಟಿದರೂ ಸೋರುತ್ತದಂತೆ.
ಗಣಪನ ತಲೆಯ ಮೇಲಿನ ಗರಿಕೆ
ನಮ್ಮ ಬೇಲಿಗೆ ಕಳ್ಳ.
ವಾರಕ್ಕೊಮ್ಮೆ ಕುಡುಗೋಲು ಆಡಿಸಬೇಕು.
ಅತ್ತಿಗೆ ದೇವೀರಮ್ಮ ಸೊಂಟಕ್ಕೆ ಕೈಯಿಟ್ಟು ನೋಡಿದಳು:
"ಮುಳ್ಳು ಹಾಕಿದ್ರೆ ಮುಂದಿನ್ವರ್ಷ ಸೌದೆಗಾಯ್ತಿತ್ತು.
ಇದು ಒಲೆಗೂ ಆಗಕ್ಕಿಲ್ಲ."

ಎಲ್ಲ ಮುಗಿದ ಮೇಲೆ ಇನಾಯತ್ ತಲೆ ಕೆರೆದುಕೊಂಡ.
"ತುಪ್ಪಟಕ್ಕೆ ಹತ್ತಲ್ಲ ಅಕ್ಕ. ಮೂಗು ಮುಟ್ಬೇಕು.
ಒಂದೇ ಸಲ. ಮೂಗು ಕಲಿತ್ರೆ ಮೈ ಕಲೀತದೆ.
ಮನೇಲಿ ಬೆಲ್ಲ ಐತಾ?"

ಬೆಲ್ಲ ಐತಾ ಎಂದು
ಈ ಸೀಮೆಯಲ್ಲಿ ಕೇಳುತ್ತಾರೆಯೇ ಯಾರಾದರೂ?
ಆಲೆಮನೆಯಿಂದ ನಿನ್ನೆ ತಂದದ್ದು, ಇನ್ನೂ ಮೆತ್ತಗೆ.
ಬಿಸ್ಕತ್ತಿನ ಪೊಟ್ಟಣ ಹರಿದು
ಬೆಳ್ಳಿ ಹಾಳೆಯನ್ನು ತಂತಿಗೆ ಮಡಿಚಿ ಸಿಕ್ಕಿಸಿದ.
ಸವರಿದವಳು ನಾನೇ.
ತಾಯಿ ಸತ್ತ ದುಂಡಿಗೆ ಹಾಲು ಚೀಪಿಸಿದ್ದೂ
ಇದೇ ಬೆರಳು.

ಸ್ವಿಚ್ಚು ಹಾಕಿದ.
ಮೊದಲು ಬಂದವಳು ದುಂಡಿ. ಬರದೆ ಇರುತ್ತಾಳೆಯೇ?
ಟಿಕ್ಕಿಗೂ ಟಿಕ್ಕಿಗೂ ನಡುವೆ
ಒಂದು ನೆಕ್ಕು ಸಿಕ್ಕಿತು ಅವಳಿಗೆ, ಬರೀ ಸಿಹಿ.
ಕಿವಿ ಅಲುಗಿಸಿದಳು.
ಇನ್ನೊಮ್ಮೆ ನಾಲಗೆ ಚಾಚಿದಳು.

ಅರಚಲಿಲ್ಲ.
ನಾಲ್ಕೂ ಕಾಲು ನೆಲ ಬಿಟ್ಟು ಹಿಂದಕ್ಕೆ ಬಿದ್ದಳು,
ಎದ್ದು ತಲೆ ಕೊಡವಿಕೊಂಡಳು,
ತಂತಿಯನ್ನು ನೋಡಲಿಲ್ಲ,
ನನ್ನನ್ನು ನೋಡಿದಳು.

ದೀಪ ಹಚ್ಚುವ ಹೊತ್ತಿಗೆ ಹನ್ನೊಂದೂ ಕಲಿತಿದ್ದವು.
ಇನಾಯತ್ ದುಡ್ಡು ಎಣಿಸಿಕೊಂಡ,
ಉಳಿದ ಬೆಲ್ಲವನ್ನು ಮಕ್ಕಳಿಗೆಂದು ಕಟ್ಟಿಸಿಕೊಂಡ.

ಎಂಟನೇ ದಿನ ಬೆಳಿಗ್ಗೆ, ಇಬ್ಬನಿ ಆರುವ ಮುಂಚೆ
ಬೇಲಿಯ ಹೊರಗೆ ಹೆಜ್ಜೆ ಕಂಡೆ.
ತಂತಿಯವರೆಗೆ ಬಂದು, ಅಲ್ಲೇ ನೆಲ ಕೆದರಿ,
ಹೊರಳಿ ಕಬ್ಬಿನೊಳಕ್ಕೆ.
ಅದಕ್ಕೆ ಬೆಲ್ಲ ಬೇಕಾಗಲಿಲ್ಲ.
ಅತ್ತಿಗೆ ಕೂಡ ಆವತ್ತು ಬೇಲಿಯನ್ನು ಬೈಯಲಿಲ್ಲ.

ಈಗ ಸಂಕ್ರಾಂತಿ.
ಎಳ್ಳು ಬೆಲ್ಲ ತಿಂದು ಒಳ್ಳೇ ಮಾತಾಡು ಎನ್ನುವ ದಿನ.
ಅಂಗೈಯಲ್ಲಿ ಒಂದು ಅಚ್ಚಿನ ಚೂರು ಹಿಡಿದು ಕರೆದೆ.
ದುಂಡಿ ಎರಡು ಮಾರು ದೂರದಲ್ಲಿ ನಿಂತಳು,
ಕಿವಿ ನನ್ನ ಕೈಯ ಕಡೆಗೆ.
ಕೈಯಲ್ಲಿ ಟಿಕ್ ಇದೆಯೇ ಎಂದು ಕೇಳಿಸಿಕೊಳ್ಳುತ್ತ.
ಸೆರಗಿಗೆ ಒರೆಸಿ, ಮಗುಚಿ ತೋರಿಸಿದೆ.
ಬರಲಿಲ್ಲ.

ಕಲ್ಲಿನ ಮೇಲೆ ಬೆಲ್ಲವಿಟ್ಟು
ಅವಳಿಗೆ ಬೆನ್ನು ಹಾಕಿ ನಿಂತೆ.
ಡಬ್ಬಿ ತನ್ನ ಪಾಡಿಗೆ ಎಣಿಸುತ್ತಿತ್ತು, ನಾನೂ ಎಣಿಸಿದೆ.
ನಲವತ್ತು ದಾಟಿದ ಮೇಲೆ ಎಲ್ಲೋ
ಹಿಂದೆ, ಕಟಮ್ಮೆಂದು ಹಲ್ಲಿನ ಸದ್ದು.

ತಿರುಗಲಿಲ್ಲ.